ಕುಡುಕ ಅನ್ನುವ ಮುಂಚೆ

ಪುಣೆಗೆ ಬಂದು ಇಪ್ಪತ್ತು ವರ್ಷ ದಾಟಿತು. ಹೋದ ದೀಪಾವಳಿಗೆ ಧಾರವಾಡಕ್ಕೆ ಹೋದಾಗ ಮಾತಿನ ಭರದಲ್ಲಿ, 'ಅಲ್ಲಿ ಮಿಲ್ಕ್ ಸ್ಟೌಟ್ ಅಂತ ಒಂದು ಬಿಯರು ಕುಡಿದೆ, ಭಾಳ ಛಲೋ ಇತ್ತು' ಅಂದುಬಿಟ್ಟೆ. ಪಡಸಾಲೆಯಲ್ಲಿ ಎಲ್ಲರೂ ಗಪ್. ಕಾಕಾ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ, 'ಪುಣೇಕ್ಕ ಹೋಗಿ ಇದನ್ನ ಕಲ್ತಿ ಏನಪಾ? ಅದಕ್ಕ ಹಾಲಿನ ಹೆಸರು ಬ್ಯಾರೆ!' ಅಂದರು.

ಅಲ್ಲಿ ಉತ್ತರ ಕೊಡಲಿಲ್ಲ. ಇಲ್ಲಿ ಕೊಡುತ್ತೇನೆ.

ಅದರಲ್ಲಿ ಹಾಲಿಲ್ಲ, ಹಾಲಿನ ಸಕ್ಕರೆ ಲ್ಯಾಕ್ಟೋಸ್ ಇದೆ. ಬಾರ್ಲಿಯ ಸಕ್ಕರೆಯನ್ನು ಯೀಸ್ಟ್ ತಿಂದು ಮದ್ಯ ಮಾಡುತ್ತದೆ; ಲ್ಯಾಕ್ಟೋಸ್ ಅದಕ್ಕೆ ದಕ್ಕುವುದಿಲ್ಲ. ಆ ಸಿಹಿ ಹಾಗೇ ಉಳಿಯುತ್ತದೆ. ಇಂಗ್ಲೆಂಡಿನ ಮ್ಯಾಕೆಸನ್‌ನವರು 1907ರಲ್ಲಿ ಇದನ್ನು ಪೇಟೆಗೆ ತಂದರು. ಪುಷ್ಟಿ ಕೊಡುತ್ತದೆ ಅಂತಲೂ ಮಾರಿದರು. ಕಡೆಗೆ 1946ರಲ್ಲಿ ಅಲ್ಲಿಯ ಸರಕಾರವೇ ಲೇಬಲ್ಲಿನಿಂದ 'ಮಿಲ್ಕ್' ಅನ್ನುವ ಪದ ತೆಗೆಸಿತು. ಅಷ್ಟರ ಮಟ್ಟಿಗೆ ಕಾಕಾ ಹೇಳಿದ್ದು ಸರಿ.

ಆದರೆ ರುಚಿಯ ಮಾತು ಬೇರೆ. ಪೇಢೆಯ ಖೋವಾ ಎಷ್ಟು ಹುರಿದಿದೆ ಅಂತ ನಾಲಿಗೆಯ ಮೇಲಿಟ್ಟು ತೀರ್ಪು ಕೊಡುವ ಊರು ನಮ್ಮದು. ಸ್ಟೌಟಿನ ಕಪ್ಪೂ ಹುರಿದ ಬಾರ್ಲಿಯದೇ. ತೀರಾ ತಣ್ಣಗಿದ್ದರೆ ವಾಸನೆಯೇ ಏಳುವುದಿಲ್ಲ. ಹತ್ತು ಹನ್ನೆರಡು ಡಿಗ್ರಿಗೆ ಬರುವ ತನಕ ಕಾಯಬೇಕು. ಮೂಗಿಗೆ ಹುರಿದ ಕಾಫಿ ಬೀಜ, ನಾಲಿಗೆಗೆ ಕೆನೆಯಂಥ ಮೃದು, ನುಂಗಿದ ಮೇಲೆ ಸಣ್ಣ ಕಹಿ. ಒಂದು ಗ್ಲಾಸಿಗೆ ನನಗೆ ಮುಕ್ಕಾಲು ಗಂಟೆ ಬೇಕು.

ಈಗ ಇನ್ನೊಂದು ಸಂಗತಿ. ಕಾಕಾನ ಹಿರೀಮಗ, ನನ್ನ ಅಣ್ಣ, ಅಂಗಡಿ ಹಿಂದಿನ ಕತ್ತಲಲ್ಲಿ ನಿಂತು ಕ್ವಾರ್ಟರ್ ಬಾಟಲಿಯನ್ನು ನಾಲ್ಕೇ ಗುಟುಕಿಗೆ ಇಳಿಸಿ, ಏಲಕ್ಕಿ ಜಗಿಯುತ್ತ ಮನೆಗೆ ಬರುತ್ತಿದ್ದ. ನಲವತ್ತಾರಕ್ಕೆ ಲಿವರ್ ಹೋಗಿ ತೀರಿಕೊಂಡ. ಮನೆಯಲ್ಲಿ ಇವತ್ತಿಗೂ 'ಕಾಮಣಿ ಆಗಿತ್ತು' ಅಂತಲೇ ಹೇಳುತ್ತಾರೆ. ಕಾಕಾನ ಸಿಟ್ಟಿನ ಬೇರು ಎಲ್ಲಿದೆ ಅಂತ ನನಗೆ ಗೊತ್ತಿಲ್ಲದೇ ಇಲ್ಲ.

ಸ್ಟೌಟ್ ಕುಡಿದಿದ್ದರೆ ಅಣ್ಣ ಬದುಕುತ್ತಿದ್ದ ಅಂತ ನಾನು ಹೇಳುತ್ತಿಲ್ಲ. ಇದರಲ್ಲಿರುವುದೂ ಅದೇ ಮದ್ಯ. ನಾಲಿಗೆಯ ರಸಿಕತೆ ಲಿವರಿಗೆ ತಿಳಿಯುವುದಿಲ್ಲ. ನನ್ನ ತಕರಾರು ಇಷ್ಟೇ: ಮನೆಯಲ್ಲಿ ಹೆಸರೆತ್ತುವಂತಿಲ್ಲ ಅಂದಮೇಲೆ 'ಎಷ್ಟು ಕುಡೀತಿಯೋ?' ಅಂತ ಅವನನ್ನು ಕೇಳುವವರಾದರೂ ಯಾರಿದ್ದರು? ಏಲಕ್ಕಿ ವಾಸನೆ ಎಲ್ಲರಿಗೂ ಬರುತ್ತಿತ್ತು. ನನಗೂ ಬರುತ್ತಿತ್ತು. ನಮ್ಮ ಮರ್ಯಾದೆ ಅವನಿಗೆ ಕುಡಿತ ಬಿಡಿಸಲಿಲ್ಲ, ಕದ್ದು ಕುಡಿಯುವುದನ್ನಷ್ಟೇ ಕಲಿಸಿತು.

ಊರಿನ ಹಿರಿಯರೇ, ಕುಡಿಯಬೇಡ ಅನ್ನಿ, ತಲೆ ಬಾಗಿಸಿ ಕೇಳುತ್ತೇನೆ. ಊರು ಬಿಟ್ಟವರೆಲ್ಲ ಕೆಟ್ಟರು ಅಂತ ಮಾತ್ರ ಅನ್ನಬೇಡಿ. ಮುಂದಿನ ಹಬ್ಬಕ್ಕೆ ಬಂದಾಗ ಗಪ್ ಆಗುವ ಬದಲು 'ಎಷ್ಟು ಗ್ಲಾಸು?' ಅಂತ ಕೇಳಿ. ಒಂದು ಅನ್ನುತ್ತೇನೆ. ಅದು ನಾಲ್ಕಾದ ದಿನ ನಾಲ್ಕು ಅಂತ ನಿಮ್ಮ ಮುಂದೆಯೇ ಹೇಳುವ ಹಾಗಿರಬೇಕು.