ಸ್ಟೂಲಿನ ಕಾಲು ಸಡಿಲವಾಗುವುದೇಕೆ?

ಹೊಸ ಸ್ಟೂಲು ಮನೆಗೆ ಬಂದು ನಾಲ್ಕು ತಿಂಗಳಾಗಿರುವುದಿಲ್ಲ, ಕಾಲು ಅಲುಗಾಡತೊಡಗುತ್ತದೆ. ಮೇಲಿನ ಪುಸ್ತಕ ತೆಗೆಯಲು ಅದರ ಮೇಲೆ ಹತ್ತಿದ ಹುಡುಗ ಬಿದ್ದು ಮೊಣಕೈ ಕೆತ್ತಿಸಿಕೊಳ್ಳುತ್ತಾನೆ. ಮನೆಯವರು ಬಡಿಗನನ್ನು ಬೈಯುತ್ತಾರೆ. ತಪ್ಪು ನಿಜವಾಗಿ ಯಾರದು?

ಬೀಳಗಿ ತಾಲೂಕಿನ ಬಾಡಗಂಡಿಯಂಥ ಊರಿನಲ್ಲಿ ಬಡಿಗನಿಗೆ ದೊಡ್ಡ ಕಾರ್ಖಾನೆ ಬೇಕಿಲ್ಲ. ಒಂದು ಚಪ್ಪರ, ಬಾಚಿ, ಉಳಿ, ಗರಗಸ, ಕೊಡತಿ ಇದ್ದರೆ ಸಾಕು. ಆದರೆ ಕಣ್ಣಿಗೆ ಬೀಳದ ಇನ್ನೊಂದು ಸಾಮಗ್ರಿ ಬೇಕು. ಅದು ಕಾಲ. ಜಾಲಿ ಅಥವಾ ಬೇವಿನ ತುಂಡುಗಳನ್ನು ನೆರಳಿನಲ್ಲಿ, ನಡುವೆ ಪಟ್ಟಿ ಇಟ್ಟು, ಗಾಳಿಯಾಡುವಂತೆ ತಿಂಗಳುಗಟ್ಟಲೆ ಒಟ್ಟಬೇಕು. ಬಿಸಿಲಿಗೆ ಹಾಕಿದರೆ ಬೇಗ ಒಣಗುವುದಿಲ್ಲವೆ? ಒಣಗುತ್ತದೆ, ಆದರೆ ಹೊರಮೈ ಮೊದಲು ಕುಗ್ಗಿ ಬಿರಿಯುತ್ತದೆ. ತುಂಡಿನ ತುದಿಗಳಿಂದ ನೀರು ಬಹಳ ಬೇಗ ಹೋಗುವುದರಿಂದ ಅಲ್ಲಿಗೆ ಸಗಣಿ ಬಳಿಯುವ ರೂಢಿಯೂ ಉಂಟು.

ಮರವೆಂದರೆ ಸಣ್ಣ ಸಣ್ಣ ಕೊಳವೆಗಳ ಕಟ್ಟು. ಹಸಿ ಮರದಲ್ಲಿ, ಪೂರ್ಣ ಒಣಗಿದ ಮರದ ತೂಕದ ಅರ್ಧಕ್ಕಿಂತ ಹೆಚ್ಚು ನೀರಿರುವುದು ಸಾಮಾನ್ಯ. ಮೊದಲು ಕೊಳವೆಯೊಳಗಿನ ನೀರು ಹೋಗುತ್ತದೆ; ಆಗ ಮರ ಕುಗ್ಗುವುದಿಲ್ಲ. ನೀರು ಸುಮಾರು ಶೇ. 30ಕ್ಕೆ ಇಳಿದ ಮೇಲೆ ಕೊಳವೆಯ ಗೋಡೆಗಳೇ ಒಣಗತೊಡಗುತ್ತವೆ. ಗೋಡೆ ತೆಳುವಾದಂತೆ ಮರ ಅಡ್ಡಕ್ಕೆ ಸಣ್ಣದಾಗುತ್ತದೆ. ಉದ್ದಕ್ಕೆ ಆಗುವ ಬದಲಾವಣೆ ಲೆಕ್ಕಕ್ಕೆ ಬಾರದಷ್ಟು.

ಸ್ಟೂಲಿನ ಗುಟ್ಟು ಇಲ್ಲಿದೆ. ಕಾಲಿನ ತುದಿ ಹಲಗೆಯ ತೂತಿನಲ್ಲಿ ಕೂರುತ್ತದೆ. ಹಸಿ ಮರದಲ್ಲಿ 3 ಸೆಂ.ಮೀ. ದಪ್ಪಕ್ಕೆ ಕೆತ್ತಿದ ತುದಿ, ಒಣಗಿದಾಗ ಎರಡೂ ಅಡ್ಡಳತೆಗಳಲ್ಲಿ ಸುಮಾರು 1 ಮಿ.ಮೀ. ಕುಗ್ಗಬಹುದು. ಹಲಗೆಯ ತೂತಾದರೋ ಎಳೆಯ ಉದ್ದಕ್ಕೆ ಕುಗ್ಗುವುದೇ ಇಲ್ಲ. ಆ ಸಂದಿಯಲ್ಲೇ ಕಾಲು ಅಲುಗಾಡುವುದು. ಕಾಲು ಚೆನ್ನಾಗಿ ಒಣಗಿದ್ದು, ಹಲಗೆಯಲ್ಲಿ ಮಾತ್ರ ತುಸು ತೇವವಿದ್ದರೆ? ಹಲಗೆ ಒಣಗುತ್ತ ತೂತು ಅಡ್ಡಕ್ಕೆ ಬಿಗಿದು, ಕಾಲನ್ನು ಹಿಡಿದುಕೊಳ್ಳುತ್ತದೆ. ಪುಸ್ತಕ ಓದದ ಬಡಿಗನೂ ಇದನ್ನು ಬಲ್ಲ.

ವಿದ್ಯಾರ್ಥಿಗಳು ಮಾಡಿ ನೋಡಬಹುದು. ಹಸಿ ಕೊಂಬೆಯ ತುಂಡನ್ನು ಕಿರಾಣಿ ಅಂಗಡಿಯಲ್ಲಿ ತೂಗಿಸಿ, ದಪ್ಪವನ್ನೂ ಉದ್ದವನ್ನೂ ಅಳೆದು ಬರೆದಿಡಿ. ನೆರಳಿನಲ್ಲಿಟ್ಟು ವಾರಕ್ಕೊಮ್ಮೆ ಮತ್ತೆ ತೂಗಿರಿ. ತೂಕ ಇಳಿಯುವುದು ನಿಂತಾಗ ಅಳತೆ ಹೋಲಿಸಿರಿ. 150 ಗ್ರಾಂ ತುಂಡು 100 ಗ್ರಾಂಗೆ ನಿಂತರೆ, ಹೋದ ನೀರು 50 ಗ್ರಾಂ.

ಪಾಲಕರಿಗೂ ಒಂದು ಮಾತು. "ಮರ ಇನ್ನಾ ಹಸಿ ಐತ್ರಿ, ಎರಡು ತಿಂಗಳ ಬಿಟ್ಟು ಬರ್ರಿ" ಎನ್ನುವ ಬಡಿಗನನ್ನು ಬಿಟ್ಟು, "ನಾಳಿಗೇ ಕೊಡತೀನಿ" ಎನ್ನುವವನ ಬಳಿಗೆ ನಾವು ಹೋಗುತ್ತೇವೆ. ಇಲ್ಲವೆ ಪೇಟೆಯಿಂದ ಪ್ಲಾಸ್ಟಿಕ್ ಸ್ಟೂಲು ತರುತ್ತೇವೆ. ಹೀಗಾದರೆ ಕಾಯುವ ಬಡಿಗನಿಗೆ ಕೆಲಸ ಉಳಿಯದು. ಬಿದ್ದ ಹುಡುಗನ ಮೊಣಕೈ ಗಾಯಕ್ಕೆ ಆ ಅವಸರವೂ ಕಾರಣ.