ಜೇಬಿನಲ್ಲಿ ಬಟನ್ ಚಾಕು

ಒಂಬತ್ತು ಅಂಗುಲ ಮೀರದ ಚಾಕುವಿಗೆ ಪರವಾನಗಿ ಬೇಡವೆಂಬ ಧೈರ್ಯದಲ್ಲಿ, ಗುಂಡಿಯೊತ್ತಿದರೆ ಅಲಗು ಚಿಮ್ಮುವ ಬಟನ್ ಚಾಕುವನ್ನು ಜೇಬಿಗಿಳಿಸುವವರಿದ್ದಾರೆ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಆ ಅಳತೆ ಇರುವುದು ನಿಜ. ಆದರೆ ಥಾಣೆ, ಕಲ್ಯಾಣ, ನವಿ ಮುಂಬಯಿಗಳಲ್ಲಿ ಬಾಳುವವರು 1951ರ ಮಹಾರಾಷ್ಟ್ರ ಪೊಲೀಸ್ ಕಾಯ್ದೆಯ 37ನೆಯ ಕಲಮನ್ನೂ ಓದಬೇಕು. ಅದರನ್ವಯ ಪೊಲೀಸ್ ಆಯುಕ್ತರು ನಿಷೇಧಾಜ್ಞೆ ಹೊರಡಿಸಿದರೆ ಚಾಕುವಿರಲಿ, ದೊಣ್ಣೆಯನ್ನೂ ಒಯ್ಯುವಂತಿಲ್ಲ. ಅಲ್ಲಿ ಅಂಗುಲದ ಲೆಕ್ಕ ನಡೆಯದು. ಹಬ್ಬ, ಚುನಾವಣೆಗಳ ಹೊತ್ತಿನಲ್ಲಂತೂ ಇಂಥ ಆಜ್ಞೆಗಳು ಸಾಮಾನ್ಯ.

ಕಾನೂನು ಬದಿಗಿರಲಿ. ಬೆಳಗಿನ ಡೊಂಬಿವಲಿ ಲೋಕಲ್‌ನಲ್ಲಿ ಬೆವರೊರೆಸಿಕೊಳ್ಳಲು ಕೈಯೆತ್ತುವುದಕ್ಕೂ ಎಡೆಯಿಲ್ಲ. ಆ ನೂಕುನುಗ್ಗಲಿನಲ್ಲಿ ಗುಂಡಿ ತಾನಾಗಿ ಒತ್ತಿಕೊಂಡರೆ ಅಲಗು ಮೊದಲು ಸೀಳುವುದು ಒಡೆಯನ ತೊಡೆಯನ್ನೇ. ರಾಂಪುರಿ ಚಾಕು ಹಿಂದಿ ಚಿತ್ರಗಳ ಖಳರಿಗೆ ಒಪ್ಪಿತು. ಅವರೇನು ಎರಡನೆಯ ದರ್ಜೆಯಲ್ಲಿ ನಿಂತು ಪಯಣಿಸುತ್ತಿರಲಿಲ್ಲ! ಕೊಡವರ ಪೀಚೆಕತ್ತಿಯ ಮಾತು ಬೇರೆ: ಅದು ಎಲ್ಲರೆದುರು ನಡುವಿನಲ್ಲಿ ಮೆರೆಯುವ ಸಂಪ್ರದಾಯ, ಬಚ್ಚಿಟ್ಟ ಹತಾರವಲ್ಲ.

ನನಗೆ ಚಿಂತೆ, ರಾತ್ರಿ ತಡವಾಗಿ ಮರಳುವ ಮಗಳ ಚೀಲದಲ್ಲಿ ಇದನ್ನಿಟ್ಟು ನಿಶ್ಚಿಂತರಾಗುವ ತಂದೆಯರದು. ಪಳಗದ ಕೈಯಿಂದ ಅದನ್ನು ಕಸಿದುಕೊಳ್ಳಲು ಎಷ್ಟು ಹೊತ್ತು ಬೇಕು? ಆಕೆಯ ಫೋನಿನಲ್ಲಿ 112 ಇರಲಿ. ತಂದೆ ನಿಲ್ದಾಣದವರೆಗೆ ಹೋಗಿ ಕಾಯಲಿ.