ಒತ್ತಿದರೂ ಮಾಯವಾಗದ ಚುಕ್ಕೆ

ಮಗುವಿಗೆ ನೆಗಡಿ, ಜ್ವರ ಬಂದು ವಾಸಿಯಾಗಿ ಎರಡು ವಾರ ಕಳೆದಿರುತ್ತದೆ. ಎಣ್ಣೆ ಹಚ್ಚಿ ನೀರು ಹಾಕಲು ಕೂರಿಸಿದಾಗ ನೋಡುತ್ತೀರಿ: ಮೊಣಕಾಲಿನ ಕೆಳಗೆ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳು, ತೊಡೆಯ ಮೇಲೆ ನೀಲಿಗಟ್ಟಿದ ಕಲೆ. "ಎಲ್ಲಿ ಬಿದ್ಯೋ?" ಅಂದರೆ "ಬಿದ್ದಿಲ್ಲಮ್ಮ" ಅನ್ನುತ್ತದೆ. ಅತ್ತೆಯವರು "ಉಷ್ಣ ಆಗಿದೆ, ಎಳನೀರು ಕೊಡು" ಅನ್ನುತ್ತಾರೆ. ಪಕ್ಕದ ಮನೆಯಾಕೆಗೆ ನೀವೇ ಹೊಡೆದಿರಬೇಕೆಂಬ ಅನುಮಾನ!

ಬೆರಳಿನಿಂದ ಒತ್ತಿ ನೋಡಿ. ಬರೀ ಚರ್ಮ ಕೆಂಪಾಗಿದ್ದರೆ ಒತ್ತಿದಾಗ ಬಿಳಿಚುತ್ತದೆ. ಒಳಗೆ ರಕ್ತ ಜಿನುಗಿ ಆದ ಚುಕ್ಕೆ ಹಾಗೇ ಉಳಿಯುತ್ತದೆ. ಹಾಗಿದ್ದರೆ ಅಂದೇ ವೈದ್ಯರಿಗೆ ತೋರಿಸಬೇಕು. ಜೊತೆಗೆ ಜ್ವರವಿದ್ದು ಮಗು ಮಂಕಾಗಿದ್ದರೆ ಆ ಕ್ಷಣವೇ ಹೊರಡಿ.

ರಕ್ತ ಹೆಪ್ಪುಗಟ್ಟಲು ಪ್ಲೇಟ್‌ಲೆಟ್ ಎಂಬ ಕಣಗಳು ಬೇಕು. ಲ್ಯಾಬಿನ ಚೀಟಿಯಲ್ಲಿ ಅವು 1.5 ಲಕ್ಷದಿಂದ 4.5 ಲಕ್ಷದವರೆಗೆ ಇರಬೇಕು. ವೈರಸ್ಸನ್ನು ಎದುರಿಸಲು ದೇಹ ತಯಾರಿಸಿದ ಪ್ರತಿಕಾಯಗಳು ಕೆಲವು ಮಕ್ಕಳಲ್ಲಿ ಗುರಿ ತಪ್ಪಿ ತಮ್ಮದೇ ಪ್ಲೇಟ್‌ಲೆಟ್‌ಗಳಿಗೆ ಅಂಟಿಕೊಳ್ಳುತ್ತವೆ. ಅಂಥವನ್ನು ಗುಲ್ಮ ನುಂಗಿಹಾಕುತ್ತದೆ. ಲೆಕ್ಕ 20 ಸಾವಿರಕ್ಕಿಂತ ಕೆಳಗೂ ಇಳಿಯಬಹುದು. ಇದೇ ಐ.ಟಿ.ಪಿ. ನೀವು ಕೊಟ್ಟ ಊಟದಿಂದ ಬಂದದ್ದಲ್ಲ.

1950ರಲ್ಲಿ ಅಮೆರಿಕದ ಸೇಂಟ್ ಲೂಯಿಯಲ್ಲಿ ವಿಲಿಯಂ ಹ್ಯಾರಿಂಗ್ಟನ್ ಎಂಬ ವೈದ್ಯರು ಈ ಕಾಯಿಲೆಯವರ ರಕ್ತವನ್ನು ತಮ್ಮ ಮೈಗೇ ಏರಿಸಿಕೊಂಡರು. ಕೆಲವೇ ಗಂಟೆಗಳಲ್ಲಿ ಅವರ ಪ್ಲೇಟ್‌ಲೆಟ್‌ಗಳೂ ಪಾತಾಳಕ್ಕಿಳಿದವು! ಹುಚ್ಚು ಸಾಹಸವೇ ಸರಿ. ಆದರೆ ಕಣಗಳನ್ನು ಹಾಳುಮಾಡುವ ಅಂಶ ರೋಗಿಯ ರಕ್ತದಲ್ಲೇ ಇದೆಯೆಂದು ಗೊತ್ತಾದದ್ದು ಹೀಗೆ.

ಪ್ಲೇಟ್‌ಲೆಟ್ ಕಡಿಮೆ ಅಂದಕೂಡಲೇ ಡೆಂಗಿ ಎಂದು ಗಾಬರಿಯಾಗುವವರೇ ಹೆಚ್ಚು. ಡೆಂಗಿಯಲ್ಲಿ ಜ್ವರವಿರುವಾಗ ಅಥವಾ ಅದು ಬಿಡುವ ಹೊತ್ತಿಗೆ ಇಳಿಯುತ್ತದೆ, ಮಗು ಸೋತುಹೋಗಿರುತ್ತದೆ. ಇಲ್ಲಿ ಸಾಮಾನ್ಯವಾಗಿ ಜ್ವರ ಬಿಟ್ಟು ವಾರಗಳಾದ ಮೇಲೆ. ಮಗು ಆಡಿಕೊಂಡೇ ಇರುತ್ತದೆ. ಆದರೂ ರಕ್ತದ ಕ್ಯಾನ್ಸರಿನಂಥ ಬೇರೆ ಕಾರಣ ಇಲ್ಲವೆಂದು ವೈದ್ಯರೇ ಖಚಿತಪಡಿಸಬೇಕು.

ಹೆಚ್ಚಿನ ಮಕ್ಕಳು ಆರು ತಿಂಗಳೊಳಗೆ ತಾವಾಗಿಯೇ ಗುಣವಾಗುತ್ತಾರೆ. ರಕ್ತಸ್ರಾವವಿಲ್ಲದಿದ್ದರೆ ಔಷಧಿ ಕೊಡದೆ ಕಾಯುವುದೂ ಉಂಟು; "ಡಾಕ್ಟ್ರು ಏನೂ ಕೊಡ್ಲಿಲ್ಲ" ಅಂತ ಬೇಜಾರಾಗಬೇಡಿ. ನಿಮ್ಮ ಕೆಲಸ ಬೇರೆ ಇದೆ. ಆಸ್ಪಿರಿನ್, ಐಬುಪ್ರೊಫೆನ್ ಕೊಡಲೇಕೂಡದು. ಜ್ವರ ಬಂದರೆ ವೈದ್ಯರು ಹೇಳಿದಷ್ಟು ಪ್ಯಾರಾಸಿಟಮಾಲ್ ಸಾಕು. ಯಾರಾದರೂ ಇಂಜೆಕ್ಷನ್ ಕೊಡಲು ಬಂದರೆ ಮೊದಲು ಈ ಕಾಯಿಲೆಯ ವಿಷಯ ಹೇಳಿ. ಸೈಕಲ್, ಮರ ಹತ್ತುವ ಆಟ ಸದ್ಯಕ್ಕೆ ಬೇಡ. ತಲೆಗೆ ಪೆಟ್ಟಾದರೆ, ವಿಪರೀತ ತಲೆನೋವು ಬಂದರೆ, ಮೂಗಿನ ರಕ್ತ ನಿಲ್ಲದಿದ್ದರೆ ನಡುರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ. ಮಗು ಶಾಲೆಗೆ ಹೋಗುತ್ತಿದ್ದರೆ, ಬಿದ್ದಕೂಡಲೇ ತಿಳಿಸುವಂತೆ ಟೀಚರಿಗೂ ಹೇಳಿಡಿ.